ಗೋಡೆ ಮುಗಿಯುವ ಜಾಗ

“ಮೇಡಂ, ನೀವು ಬರೇ ಈ ಕಡಿಂದ ಹೊಂಟೀರಿ. ಆ ಕಡಿಂದನೂ ಹೊಂಟು ನೋಡೀರೇನ್ರಿ?”

ಶಿರಿಷಾಳ ಕೈಯಲ್ಲಿದ್ದ ಚಾಕ್ ಬೋರ್ಡಿನ ಮೇಲೇ ನಿಂತುಬಿಟ್ಟಿತು.

ನಾರಾಯಣಪೇಟೆಯ ಆ ಡಿಗ್ರಿ ಕಾಲೇಜಿನ ಹಾಲಿನಲ್ಲಿ ನೂರಿಪ್ಪತ್ತು ವಿದ್ಯಾರ್ಥಿಗಳಿದ್ದರು. ಮುಂದಿನ ಸಾಲಿನಲ್ಲಿ ಉಪನ್ಯಾಸಕರು. ಒಂದು ಗಂಟೆಯಿಂದ ಕನ್ನಡ, ತೆಲುಗು ಎರಡನ್ನೂ ಕಲೆಸಿ ಅವಳು ತನ್ನ ಸಂಶೋಧನೆ ವಿವರಿಸುತ್ತಿದ್ದಳು. ಮಕ್ತಲ್ ಹತ್ತಿರದ ಕುರಿ ಕಾಯುವ ಮನೆಯ ಮಗಳು ಹೈದರಾಬಾದಿನಲ್ಲಿ ಫಿಸಿಕ್ಸ್ ಪಿಎಚ್‌ಡಿ ಮಾಡುತ್ತಿದ್ದಾಳೆ ಅಂತ ಅವಳ ಗೆಳತಿ, ಈ ಕಾಲೇಜಿನ ಉಪನ್ಯಾಸಕಿ ರಜಿತಾ, ಹಟ ಹಿಡಿದು ಈ ಭಾಷಣ ಇಡಿಸಿದ್ದಳು.

ಬೋರ್ಡಿನ ಮೇಲೆ ಒಂದು ನಕ್ಷೆ ಇತ್ತು. ಅದರ ನಡುವೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ದಪ್ಪ ಗೆರೆ. ಅದನ್ನು ಅವಳು ‘ಗೋಡೆ’ ಅಂತಿದ್ದಳು.

ಪ್ರಶ್ನೆ ಕೇಳಿದವನು ಹಿಂದೆ, ಕಿಟಕಿಯ ಪಕ್ಕ ನಿಂತಿದ್ದ. ಮೂವತ್ತು ದಾಟಿದ ವಯಸ್ಸು. ಒಂದು ಕೈಯಲ್ಲಿ ಹೆಲ್ಮೆಟ್, ಅಂಗಿಯ ತೋಳಿಗೆ ಚಾಕ್ ಪುಡಿ.

“ಅಂದ್ರ?” ಅಂದಳು ಶಿರಿಷಾ.

“ಕಂಪ್ಯೂಟರಿಗೆ ಎಲ್ಲಾ ಸಾಲಾಗಿ ಜೋಡಿಸಿ ಕೊಟ್ಟು ಲೆಕ್ಕ ಶುರು ಮಾಡೀರಿ. ಎಲ್ಲಾ ಚೆಲ್ಲಾಪಿಲ್ಲಿ ಮಾಡಿ ಕೊಟ್ಟು ಶುರು ಮಾಡಿದ್ರ ಆ ಗೋಡಿ ಪೂರಾ ನಿಲ್ತೈತೋ ಇಲ್ಲೋ ಅಂತ ನನ್ನ ಅನುಮಾನ.”

ಕೋಪ ಅನ್ನುವುದು ನಮ್ಮ ಶಿರಿಷಾಳ ಮೂಗಿನ ತುದಿಯಲ್ಲೇ ಇರುವ ಸಾಮಾನು. ಭಯಕ್ಕಿಂತ ಮೊದಲು ಅದೇ ಬಂತು.

“ತಾವು ಯಾವ ಯೂನಿವರ್ಸಿಟಿ ರೀ?”

“ಯೂನಿವರ್ಸಿಟಿ ಅಲ್ರಿ. ಗದ್ವಾಲದಾಗ ಜೂನಿಯರ್ ಕಾಲೇಜು. ಇಂಟರ್ ಹುಡುಗ್ರಿಗೆ ಪಾಠ ಮಾಡ್ತೀನಿ. ಭಾನುಪ್ರಕಾಶ ಅಂತ ಹೆಸರು.”

“ಹಂಗಾದ್ರ ಇಂಟರ್ ಲೆವೆಲ್ ಪ್ರಶ್ನೆ ಕೇಳ್ರಿ. ಇದು ಜರಾ ಮುಂದಿನ ಪಾಠ.”

ಹಾಲಿನ ತುಂಬ ನಗು. ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ತಲೆಯಾಡಿಸಿ ಸುಮ್ಮನೆ ಕುಳಿತುಕೊಂಡ.

ಭಾಷಣ ಮುಗಿದ ಮೇಲೆ ವರಾಂಡದಲ್ಲಿ ಶಿರಿಷಾಳೇ ಅವನನ್ನು ತಡೆದಳು.

“ಎಲ್ಲಾರ ಮುಂದ ಯಾಕ ಕೇಳಿದ್ರಿ? ಅಷ್ಟು ಅನುಮಾನ ಇದ್ರ ನನಗ ಒಬ್ಬಾಕಿಗೇ ಹೇಳಬಹುದಿತ್ತಲ್ಲ?”

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ.

“ಹೇಳಿದ್ದೆ ರೀ.”

“ಯಾವಾಗ? ನಿಮ್ಮ ಮುಖ ಇವತ್ತ ನೋಡಾಕತ್ತೀನಿ. ಸುಳ್ಳು ಬ್ಯಾಡ್ರಿ.”

ಅವನು ಹೆಲ್ಮೆಟ್ ಹಾಕಿಕೊಂಡು ಬೈಕಿನ ಕಡೆ ನಡೆದ.

‘ಎಂಥ ಸೊಕ್ಕು ಇವನಿಗೆ...’ ಅಂದುಕೊಂಡಳು. ಆದರೆ ಮಕ್ತಲ್ ಬಸ್ಸು ಹತ್ತಿದ ಮೇಲೂ ಕಿವಿಯಲ್ಲಿ ಉಳಿದದ್ದು ಅವನ ಸೊಕ್ಕಲ್ಲ, ಅವನ ಪ್ರಶ್ನೆ.

ಇನ್ನು ಇಪ್ಪತ್ತೆಂಟು ದಿನಕ್ಕೆ ಅವಳು ಪ್ರಬಂಧ ಸಲ್ಲಿಸಬೇಕು. ಗಡುವನ್ನು ಒಮ್ಮೆ ಮುಂದೆ ಹಾಕಿಸಿಕೊಂಡು ಆಗಿತ್ತು, ಇನ್ನೊಮ್ಮೆ ಕೊಡುವುದಿಲ್ಲ ಅಂತ ಹೇಳಿದ್ದರು. ಮೂರನೇ ಅಧ್ಯಾಯವೆಲ್ಲ, ಆಗಲೇ ಅಚ್ಚಾಗಿದ್ದ ಒಂದು ಲೇಖನ ಕೂಡ, ಆ ಗೋಡೆಯ ಮೇಲೇ ನಿಂತಿತ್ತು. ಅದು ಹೋದರೆ ಐದು ವರ್ಷದ ದುಡಿಮೆ ಹೋಗುತ್ತದೆ.

ಅವಳ ಗೋಡೆ ಎಂಥದ್ದು ಅಂತ ಓದುಗರಿಗೆ ನಾನೇ ಹೇಳಿಬಿಡುತ್ತೇನೆ, ಹೆದರಬೇಡಿ. ನೀರು, ಮಂಜುಗಡ್ಡೆ, ಹಬೆ ಹೇಗೆ ಬೇರೆ ಬೇರೆ ಸ್ಥಿತಿಗಳೋ ಹಾಗೆ ಗೇಜ್ ಸಿದ್ಧಾಂತದಲ್ಲಿ ಕಣಗಳ ನಡುವಿನ ಬಲಕ್ಕೂ ಸ್ಥಿತಿಗಳಿವೆ. ಒಂದರಲ್ಲಿ ಕಣಗಳು ಒಂದನ್ನೊಂದು ಬಿಟ್ಟು ಹೋಗಲಾರವು, ನಡುವೆ ಒಂದು ಎಳೆ ಬಿಗಿದಿರುತ್ತದೆ. ಇನ್ನೊಂದರಲ್ಲಿ ಬಲವೇ ಕುಗ್ಗಿ ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ. ಈ ಎರಡು ಸ್ಥಿತಿಗಳ ನಡುವೆ ಪೂರ್ತಿ ಗೋಡೆ ಇಲ್ಲ, ಸುತ್ತಿಕೊಂಡು ಹೋಗಬಹುದು ಅಂತ ಸರಳ ಮಾದರಿಗಳಲ್ಲಿ ಹಿಂದಿನವರು ತೋರಿಸಿದ್ದರು. ಶಿರಿಷಾಳ ಮಾದರಿಯಲ್ಲಿ ಹೆಚ್ಚಿನದೊಂದು ಸಮ್ಮಿತಿ, ಅಂದರೆ ಸಿಮೆಟ್ರಿ, ಇತ್ತು. ಆದ್ದರಿಂದ ಇಲ್ಲಿ ಗೋಡೆ ಪೂರ್ತಿ ಇದೆ ಅನ್ನುವುದು ಅವಳ ವಾದ.

ಮರುದಿನ ಬೆಳಿಗ್ಗೆ ಮನಸ್ಸು ನಿಲ್ಲದೆ ಅಪ್ಪನ ಜೊತೆ ಕುರಿ ಹೊಡೆದುಕೊಂಡು ಹೋದಳು. ಅಪ್ಪ ಆಶಪ್ಪ, ಹೆಗಲ ಮೇಲೆ ಕರಿಕಂಬಳಿ, ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ. ಕೆರೆಯ ಬದಿಯಲ್ಲಿ ಯಾರೋ ಹೊಲಕ್ಕೆ ಅಡ್ಡ ಕಲ್ಲುಗೋಡೆ ಕಟ್ಟಿದ್ದರು. ಹಿಂಡು ಅಲ್ಲಿ ನಿಂತಿತು, ಆಮೇಲೆ ಗೋಡೆಗುಂಟ ಕೆರೆ ಏರಿಯ ಕಡೆ ನಡೆಯಿತು. ಸ್ವಲ್ಪ ಹೊತ್ತಿಗೆ ಆಚೆ ಹೊಲದಲ್ಲಿ ಮೇಯುತ್ತಿತ್ತು.

“ಗೋಡಿ ಹೆಂಗ ದಾಟಿದ್ವು ಅಪ್ಪಾ?”

“ದಾಟಲಿಲ್ಲವ್ವಾ. ಗೋಡಿ ಆ ಬೇವಿನಗಿಡದತನಕ ಅಷ್ಟ ಐತಿ. ಇಲ್ಲಿ ನಿಂತು ನೋಡಿದ್ರ ಪೂರಾ ಐತಿ ಅನಸ್ತೈತಿ. ಏರಿ ಕಡಿಂದ ಬರೋ ಕುರಿಗೆ ಇಲ್ಲೊಂದು ಗೋಡಿ ಐತಿ ಅಂತನ ಗೊತ್ತಾಗಂಗಿಲ್ಲ.”

ಶಿರಿಷಾ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು.

ಒಂದೇ ಕಡೆಯಿಂದ ಹೊರಟರೆ ಕಂಪ್ಯೂಟರ್ ಹಳೆಯ ಸ್ಥಿತಿಗೇ ಅಂಟಿಕೊಂಡು ಕೂತು, ಕೊನೆಗೆ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತವನ್ನೇ ತಾನು ಗೋಡೆ ಅಂದುಕೊಂಡೆನೇ? ಮನೆಗೆ ಓಡಿದಳು. ಲ್ಯಾಪ್‌ಟಾಪಿನಲ್ಲಿ ಒಂದು ಸಣ್ಣ ಲೆಕ್ಕವನ್ನು ಆ ಕಡೆಯಿಂದ ಶುರು ಮಾಡಿದಳು. ಮಧ್ಯಾಹ್ನಕ್ಕೆ ಉತ್ತರ ಬಂತು. ಒಂದು ಜಾಗದಲ್ಲಿ ಗೋಡೆ ಇರಲಿಲ್ಲ...

‘ಅವನು ಹೇಳಿದ್ದು ಖರೆ.’

ಪೂರ್ತಿ ಲೆಕ್ಕ ಮಾಡಲು ಲ್ಯಾಪ್‌ಟಾಪ್ ಸಾಲದು. ಹೈದರಾಬಾದಿನ ದೊಡ್ಡ ಯಂತ್ರ ದಸರೆ ರಜೆಯಲ್ಲಿ ರಿಪೇರಿಗೆಂದು ಬಂದ್ ಆಗಿತ್ತು. ರೊಟ್ಟಿ ತಟ್ಟುತ್ತಿದ್ದ ಅವ್ವ ಮೊಗುಲಮ್ಮ ಮಗಳ ಮುಖ ನೋಡಿ, “ಏನ ಪರೇಶಾನಿ? ಯಾರನ್ನಾರ ಕೇಳೋದಿದ್ರ ಕೇಳು, ಕೇಳಾಕ ಏನ ನಾಚಿಕಿ?” ಅಂದಳು. ಶಿರಿಷಾ ರಜಿತಾಳಿಂದ ನಂಬರ್ ತೆಗೆದುಕೊಂಡು, ಮೂರು ಸಲ ಒತ್ತಿ ಮೂರು ಸಲ ಕಟ್ ಮಾಡಿ, ನಾಲ್ಕನೇ ಸಲ ಫೋನ್ ಮಾಡಿದಳು.

“ನೀವು ಹೇಳಿದ್ದು ಸರಿ ಇತ್ರಿ,” ಅಂದಳು ಒಂದೇ ಉಸಿರಿನಲ್ಲಿ. “ನನ್ನ ಮಾತಿಗೆ ಮಾಫ್ ಮಾಡ್ರಿ. ನನಗ ಕಂಪ್ಯೂಟರ್ ಬೇಕಾಗ್ಯಾವ.”

“ಬರ್ರಿ ಮೇಡಂ. ನಮ್ಮ ಲ್ಯಾಬಿನಾಗ ಹದಿನೆಂಟು ಅದಾವ, ರಜಾಕ್ಕ ಎಲ್ಲಾ ಖಾಲಿ. ಪ್ರಿನ್ಸಿಪಾಲರ ಪರ್ಮಿಷನ್ ತಗೊಂಡೀನಿ.”

“ಯಾವಾಗ ತಗೊಂಡ್ರಿ?”

“ಇವತ್ತ ಬೆಳಿಗ್ಗೆ. ನಿಮಗ ಬೇಕಾಗಬಹುದು ಅನಸ್ತು.”

ಮರುದಿನ ಬೆಳಿಗ್ಗೆಯೇ ಅವಳು ಗದ್ವಾಲದ ಬಸ್ಸು ಹತ್ತಿದಳು.

ಗದ್ವಾಲದ ಲ್ಯಾಬಿನಲ್ಲಿ ಅರ್ಧ ಯಂತ್ರಗಳು ಈ ಕಡೆಯಿಂದ, ಅರ್ಧ ಆ ಕಡೆಯಿಂದ ಲೆಕ್ಕ ಶುರು ಮಾಡಿದವು. ಶುರುವಾದ ಅರ್ಧ ಗಂಟೆಗೇ ಮೂಲೆಯ ಒಂದು ಕೆಟ್ಟು ಕೂತಿತು. ಭಾನುಪ್ರಕಾಶ ಮಾತಿಲ್ಲದೆ ಅದರ ಕೆಲಸವನ್ನು ಉಳಿದವಕ್ಕೆ ಹಂಚಿದ. ಶಿರಿಷಾ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುತ್ತಿದ್ದಳು. ಒಂದು ದಿನವೂ ಅವನು ‘ನಾ ಅವತ್ತೇ ಹೇಳಿದ್ದೆ ನೋಡ್ರಿ’ ಅನ್ನಲಿಲ್ಲ. ಅನ್ನಲಿ ಅಂತ ಅವಳು ಕಾದಿದ್ದಳು, ಜಗಳ ಆಡಲು ಒಂದು ನೆಪ ಬೇಕಿತ್ತಲ್ಲ. ಅದೂ ಸಿಗಲಿಲ್ಲ.

ಮಧ್ಯಾಹ್ನದ ಊಟ ಅವನ ಮನೆಯಲ್ಲಿ. ತಾಯಿ ಹನುಮಮ್ಮ ಮಗ್ಗದಿಂದ ಎದ್ದು ಬಂದು, “ರಾ ಅಮ್ಮಾ, ಕೂರ್ಚೋ,” ಅಂತ ತೆಲುಗಿನಲ್ಲಿ ಕರೆದು ಕೂರಿಸಿ, “ಇನ್ನೊಂದು ರೊಟ್ಟಿ ಹಾಕ್ಕೋ, ಬರೇ ಲೆಕ್ಕ ತಿಂದ್ರ ಹೊಟ್ಟಿ ತುಂಬತೈತೇನು?” ಅಂತ ಕನ್ನಡದಲ್ಲಿ ಬೈಯುತ್ತಿದ್ದಳು. ಮಗ್ಗದ ಮೇಲೆ ಹತ್ತಿಯ ಸೀರೆಗೆ ರೇಷ್ಮೆಯ ಅಂಚು ಸೇರುತ್ತಿತ್ತು. ಶಿರಿಷಾ ಆ ಕೂಡಿದ ಜಾಗದ ಮೇಲೆ ಬೆರಳಾಡಿಸಿದಳು. ಗಂಟು ಕೈಗೆ ಸಿಗಲಿಲ್ಲ.

“ನೀವು ಸಂಶೋಧನೆಗೆ ಯಾಕ ಹೋಗ್ಲಿಲ್ರಿ?” ಅಂತ ಒಂದು ದಿನ ಕೇಳಿದಳು.

“ಪಿಎಚ್‌ಡಿ ಸೀಟು, ನೌಕರಿ ಎರಡೂ ಒಂದ ವಾರದಾಗ ಬಂದ್ವು. ನನಗ ಪಾಠ ಹೇಳೋದಂದ್ರ ಭಾಳ ಇಷ್ಟ. ನೌಕರಿ ತಗೊಂಡೆ. ಅದಕ್ಕ ದುಃಖ ಏನಿಲ್ರಿ. ಆದ್ರ ಸಂಜಿ ಆದ್ರ ಇಂಥಾದ್ದೆಲ್ಲ ಯಾರ ಜೋಡಿ ಮಾತಾಡ್ಲಿ ಅನಸ್ತಿತ್ತು.”

“ನನಗೂ ಹಂಗ ಅನಸ್ತೈತ್ರಿ, ಹೈದರಾಬಾದಿನಾಗ.”

“ಅಲ್ಲಿ ಎಷ್ಟು ಮಂದಿ ಇರ್ತಾರ?”

“ಮಂದಿ ಇರ್ತಾರ. ಮಾತು ಇರಂಗಿಲ್ಲ.”

ಇನ್ನೊಂದು ದಿನ ಅವನು ಎಳೆಯ ಬಗ್ಗೆ ಕೇಳಿದ. ಎರಡು ಕಣಗಳನ್ನು ದೂರ ಎಳೆದರೆ ನಡುವಿನ ಎಳೆ ಏನಾಗುತ್ತದೆ ಅಂತ.

“ಬಿಗೀತೈತಿ, ಬಿಗೀತೈತಿ, ಕಡೀಗೆ ಹರೀತೈತಿ. ಆದ್ರ ಹರಿದ ಜಾಗದಾಗ ಹೊಸ ಕಣಗಳು ಹುಟ್ಟಿ ಎರಡೂ ತುದಿಗೆ ಜೋಡಿ ಆಗ್ತಾವ. ಯಾವ ಕಣಾನೂ ಒಂಟಿ ಉಳಿಯಂಗಿಲ್ಲ. ಈ ಎಳಿ ಹಿಂದ ಬಿದ್ದವ್ರ ಸ್ಟ್ರಿಂಗ್ ಥಿಯರಿ ಶುರು ಮಾಡಿದ್ರು.”

“ಒಂಟಿ ಉಳಿಯಂಗಿಲ್ಲ ಅನ್ರಿ...” ಅಂದ ಅವನು. ಆಮೇಲೆ ಕಿವಿಯವರೆಗೆ ಕೆಂಪಾಗಿ, ಯಂತ್ರ ನೋಡುವ ನೆಪದಲ್ಲಿ ಎದ್ದು ಹೋದ.

ಶಿರಿಷಾ ತಲೆ ತಗ್ಗಿಸಿ ನಕ್ಕಳು. ‘ಇವನ ಮೇಲೆ ನನಗೆ ಮನಸ್ಸಾಗಿದೆ’ ಅಂತ ಆ ಕ್ಷಣಕ್ಕೆ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಒಂಬತ್ತನೇ ದಿನ ಎರಡೂ ಕಡೆಯ ಲೆಕ್ಕ ಬಂದು ಒಂದಕ್ಕೊಂದು ಸೇರಿದವು. ಗೋಡೆ ಇತ್ತು. ಆದರೆ ನಕ್ಷೆಯ ನಡುವೆ ಒಂದು ಬಿಂದುವಿನಲ್ಲಿ ಅದು ಮುಗಿಯುತ್ತಿತ್ತು. ಅದರಾಚೆ ಎರಡು ಸ್ಥಿತಿಗಳ ನಡುವೆ ತಡೆಯೇ ಇಲ್ಲ. ಶಿರಿಷಾಳ ವಾದ ತಪ್ಪಾಗಿತ್ತು, ಆದರೆ ಪ್ರಬಂಧ ಉಳಿದಿತ್ತು. ಆ ಬಿಂದುವನ್ನು ಈ ಮಾದರಿಯಲ್ಲಿ ಮೊದಲು ಕಂಡವರು ಇವರಿಬ್ಬರೇ.

ಖುಷಿಯಲ್ಲಿ ಅವಳ ಕಣ್ಣು ತುಂಬಿತು. ಖುಷಿಯಲ್ಲೇ ನಾಲಿಗೆ ಜಾರಿತು.

“ನಿಮ್ಮ ಹೆಸರು ನನ್ನ ಪ್ರಬಂಧದಾಗ ಬರೀತೀನ್ರಿ. ಆದ್ರ ಒಂದು ಮಾತು ಒಪ್ಕೊಳ್ರಿ ಈಗ. ಅವತ್ತು ‘ಹೇಳಿದ್ದೆ’ ಅಂದ್ರಲ್ಲ, ಅದು ಸುಳ್ಳು ಹೌದಿಲ್ಲೋ? ನಾ ಬ್ಯಾಸರ ಮಾಡ್ಕೊಳಂಗಿಲ್ಲ.”

ಭಾನುಪ್ರಕಾಶನ ಮುಖದ ನಗು ಹೋಯಿತು.

“ಒಂಬತ್ತು ದಿನ ಜೋಡಿ ಕುಂತು ಕೆಲಸ ಮಾಡೀವಿ, ಮೇಡಂ. ಇನ್ನೂ ನಾನು ಸುಳ್ಳ ಅಂತನ ಅನಸ್ತೈತೇನ್ರಿ ನಿಮಗ?”

“ಅಲ್ರಿ, ನಾ ಚಾಷ್ಟಿಗೆ...”

“ನನ್ನ ಹೆಸರು ಬ್ಯಾಡ್ರಿ.” ಲ್ಯಾಬಿನ ಕೀಲಿಕೈಯನ್ನು ಮೇಜಿನ ಮೇಲೆ ಇಟ್ಟ. “ಫೈಲ್ ಎಲ್ಲಾ ಕಾಪಿ ಮಾಡ್ಕೊಳ್ರಿ. ಕೀಲಿ ವಾಚ್‌ಮನ್ ಚಿನ್ನಯ್ಯನ ಕಡೆ ಕೊಡ್ರಿ. ನಿಮಗ ಒಳ್ಳೇದಾಗ್ಲಿ.”

ಆಮೇಲೆ ಎರಡು ವಾರ ಅವನ ಫೋನ್ ಬರಲಿಲ್ಲ. ಇವಳೂ ಮಾಡಲಿಲ್ಲ. ಹಗಲೆಲ್ಲ ಊರಲ್ಲೇ ಕುಳಿತು ಮೂರನೇ ಅಧ್ಯಾಯ ಹೊಸದಾಗಿ ಬರೆದಳು. ನಡುನಡುವೆ, ಯಾರೋ ಪಕ್ಕದಲ್ಲಿ ಕುರ್ಚಿ ಎಳೆದರೇನೋ ಅಂತ ತಿರುಗಿ ನೋಡುತ್ತಿದ್ದಳು.

ಅಧ್ಯಾಯ ಮುಗಿಯಿತು. ಪ್ರಿಂಟಿಗೆ ಒಂದೇ ದಿನ ಬಾಕಿ. ಉಳಿದದ್ದು ಕೃತಜ್ಞತೆಯ ಪುಟ. ಅದೊಂದನ್ನು ಮಾತ್ರ ಕನ್ನಡದಲ್ಲಿ ಬರೆಯಲು ಕುಳಿತಳು, ಅಪ್ಪ ಅವ್ವನಿಗೆ ಓದಿ ಹೇಳಬೇಕಲ್ಲ ಅಂತ. ಐದು ವರ್ಷದಲ್ಲಿ ನೆರವಾದವರ ಒಬ್ಬರ ಹೆಸರೂ ಬಿಡಬಾರದು ಅಂತ ಮೇಲ್ ತೆರೆದು ಹುಡುಕತೊಡಗಿದಳು. ಗೈಡ್, ಗೆಳೆಯರು, ಹಾಸ್ಟೆಲಿನ ಅಡುಗೆಯವರು. ಹಾಗೇ ಕೈ ತಾನಾಗಿ ‘ಗದ್ವಾಲ್’ ಅಂತ ಟೈಪ್ ಮಾಡಿತು.

ಮೂರು ಮೇಲ್ ಬಂದವು.

ಮೂರೂ ‘ಲೋಕೋದ್ಧಾರಕರು’ ಅನ್ನುವ ಫೋಲ್ಡರಿನಲ್ಲಿದ್ದವು.

ಆ ಫೋಲ್ಡರಿನ ಕತೆ ಹೀಗೆ. ಫಿಸಿಕ್ಸ್ ಮಾಡುವವರಿಗೆ ದಿನಾ ಅಪರಿಚಿತರ ಪತ್ರ ಬರುತ್ತವೆ. ‘ಇಡೀ ವಿಜ್ಞಾನವೇ ತಪ್ಪು, ಸರಿಯಾದದ್ದು ನನ್ನ ಬಳಿ ಇದೆ’ ಅಂತ. ಬೇಸತ್ತು ಶಿರಿಷಾಳೇ ಒಂದು ಏರ್ಪಾಡು ಮಾಡಿದ್ದಳು. ಯೂನಿವರ್ಸಿಟಿ ವಿಳಾಸವಿಲ್ಲದ ಯಾರಾದರೂ ‘ತಪ್ಪು’ ಅಂತಲೋ ‘ರಾಂಗ್’ ಅಂತಲೋ ಬರೆದರೆ ಆ ಮೇಲ್ ಅವಳ ಕಣ್ಣಿಗೇ ಬೀಳದೆ ನೇರ ಅಲ್ಲಿಗೆ ಹೋಗುತ್ತಿತ್ತು.

ಮೊದಲನೆಯದು ಹನ್ನೊಂದು ತಿಂಗಳ ಹಿಂದಿನದು. ಇಂಗ್ಲಿಷಿನಲ್ಲಿ, ತುಂಬಾ ಮರ್ಯಾದೆಯಿಂದ, ಆ ಕಡೆಯಿಂದ ಹೊರಟು ನೋಡಿದ ಒಂದು ಪುಟ್ಟ ಲೆಕ್ಕದ ಸಮೇತ. ಎರಡನೆಯದರಲ್ಲಿ ಅದೇ ಲೆಕ್ಕ ಇನ್ನಷ್ಟು ಚೊಕ್ಕವಾಗಿತ್ತು. ಮೂರನೆಯದು ಕನ್ನಡದಲ್ಲಿತ್ತು.

‘ಮೇಡಂ, ನೀವು ಮಕ್ತಲ್ ಕಡೆಯವರು ಅಂತ ಪೇಪರಿನಲ್ಲಿ ಓದಿದೆ, ಖುಷಿಯಾಯಿತು. ನಿಮಗೆ ಬಿಡುವಿರಲಿಕ್ಕಿಲ್ಲ, ಇನ್ನು ಬರೆದು ತೊಂದರೆ ಕೊಡುವುದಿಲ್ಲ. ನನ್ನ ಲೆಕ್ಕವೇ ತಪ್ಪಿದ್ದರೂ ಇರಬಹುದು. ನಿಮ್ಮ ಲೇಖನ ಅರ್ಥ ಮಾಡಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು. ಆ ಆರು ತಿಂಗಳ ಸಂಜೆಗಳು ಬಹಳ ಚೆನ್ನಾಗಿದ್ದವು. ಅದಕ್ಕೆ ನಿಮಗೆ ಕೃತಜ್ಞ. ಭಾನುಪ್ರಕಾಶ, ಗದ್ವಾಲ್.’

ಶಿರಿಷಾ ಅಳತೊಡಗಿದಳು. ಅವನು ಹೇಳಿದ್ದ. ಒಬ್ಬಳಿಗೇ ಹೇಳಿದ್ದ, ಮೂರು ಸಲ. ನೂರಿಪ್ಪತ್ತು ಜನರ ಮುಂದೆ ತಾನು ನಗೆಪಾಟಲು ಮಾಡಿದ್ದು ಇಂಥವನನ್ನು...

ಕಣ್ಣೊರೆಸಿಕೊಂಡು ಪುಟ ಬರೆದು ಮುಗಿಸಿದಳು. ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಮಕ್ತಲ್‌ಗೆ ಬಂದು ಗದ್ವಾಲದ ಬಸ್ಸು ಹತ್ತಿದಳು.

ಮನೆಯ ಮುಂದೆ ಹನುಮಮ್ಮ ನೂಲು ಬಿಡಿಸುತ್ತಿದ್ದಳು. ಇವಳನ್ನು ಕಂಡು ಕೈ ಬಾಯಿಗೆ ಇಟ್ಟುಕೊಂಡಳು.

“ಅಯ್ಯೋ ಯವ್ವಾ, ಅವ ನಿಮ್ಮ ಊರಿಗೇ ಹೋದನಲ್ಲ! ಎರಡು ವಾರ ಸರಿಯಾಗಿ ಉಣ್ಣಲಿಲ್ಲ. ಇವತ್ತ ಬೈಕ್ ತಗೊಂಡು, ಮಾತಾಡಿ ಬರ್ತೀನಿ ಅಂತ ಹೊಂಟ.”

ಅಷ್ಟರಲ್ಲಿ ಅಪ್ಪನ ಫೋನ್ ಬಂತು.

“ಎಲ್ಲಿದೀಯವ್ವಾ? ಗದ್ವಾಲದ ಸರ್ ಬಂದಾರ. ನೀ ಇಲ್ಲ ಅಂದಿದ್ದಕ್ಕ ನಿಂತಕಾಲಾಗ ಹೊಳ್ಳಿ ಹೋಗ್ತೀನಿ ಅಂತಿದ್ರು. ಕಂಬಳಿ ಹಾಸಿ ಕುಂದ್ರಿಸೀನಿ.”

ಅಪ್ಪನ ಪೆಟ್ಟಿಗೆಯಲ್ಲಿರುವ ಆ ಹೊಸ ಕಂಬಳಿ ಹೊರಬರುವುದು ಬೀರಪ್ಪನ ಪೂಜಾರಿ ಬಂದಾಗ, ಇಲ್ಲವೇ ಬೀಗರು ಬಂದಾಗ ಮಾತ್ರ. ಒಂಬತ್ತು ದಿನ ಮಗಳು ಊಟಕ್ಕೆ ಕುಳಿತಾಗೆಲ್ಲ ಯಾರ ಮಾತು ಆಡುತ್ತಿದ್ದಳು, ಆಮೇಲೆ ಎರಡು ವಾರ ಯಾರ ಹೆಸರೇ ಎತ್ತಲಿಲ್ಲ ಅನ್ನುವುದು ಅಪ್ಪನಿಗೆ ಗೊತ್ತಿತ್ತು.

“ಅಪ್ಪಾ, ಅವರಿಗೆ ಫೋನ್ ಕೊಡು.”

“ಮೇಡಂ...”

“ಮೂರೂ ಓದಿದೆ ರೀ. ಇವತ್ತ ಓದಿದೆ. ಅವು ನನ್ನ ಕಣ್ಣಿಗೇ ಬಿದ್ದಿದ್ದಿಲ್ಲ, ಬೀಳದಂಗ ನಾನ ಮಾಡಿಟ್ಟಿದ್ದೆ. ಅಲ್ಲೇ ಇರ್ರಿ, ಬರ್ತೀನಿ.”

“ಬ್ಯಾಡ್ರಿ, ನೀವು ಅಲ್ಲೇ ಇರ್ರಿ. ನಾ ಬರ್ತೀನಿ.”

ಇಬ್ಬರೂ ಇದ್ದಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕೆ? ಇವಳು ಈ ಕಡೆಯಿಂದ ಆಟೋದಲ್ಲಿ, ಅವನು ಆ ಕಡೆಯಿಂದ ಬೈಕಿನಲ್ಲಿ ಹೊರಟು, ಜೂರಾಲ ಡ್ಯಾಮಿನ ಹತ್ತಿರ ಮೀನು ಹುರಿಯುವ ಅಂಗಡಿಗಳ ಮುಂದೆ ಎದುರುಬದುರಾದರು. ಸಂಜೆಯ ಬಿಸಿಲು ಕೃಷ್ಣೆಯ ನೀರಿನ ಮೇಲಿತ್ತು. ಅವನ ಹಣೆಯ ಮೇಲೆ ಅಪ್ಪ ಹಚ್ಚಿದ ಭಂಡಾರ ಇನ್ನೂ ಹಳದಿಯಾಗಿತ್ತು.

“ನನಗ ಮೇಲ್ ಕಳಿಸೀನಿ ಅಂತ ಅವತ್ತ ಒಂದು ಮಾತು ಅಂದಿದ್ರ ಮುಗೀತಿತ್ತಲ್ಲ?” ಅಂದಳು, ಅಳುತ್ತ ನಗುತ್ತ.

“ನೀವು ಓದಿ ಸುಮ್ಮನಾಗೀರಿ ಅಂತ ತಿಳ್ಕೊಂಡಿದ್ದೆ. ವರಾಂಡದಾಗ ‘ಯಾವಾಗ’ ಅಂತ ಕೇಳಿದ್ರಿ. ಓದಿಯೂ ಹಂಗ ಕೇಳಾಕತ್ತಾರ ಅನಸ್ತು. ನಿಮ್ಮನ್ನ ಸುಳ್ಳಿ ಅನ್ನಾಕ ಬಾಯಿ ಬರಲಿಲ್ರಿ.”

ಅವಳು ಫೋನ್ ತೆಗೆದು ಕೃತಜ್ಞತೆಯ ಪುಟ ಅವನ ಕೈಗೆ ಕೊಟ್ಟಳು. ಅಪ್ಪ, ಅವ್ವ, ಗೈಡ್ ಎಲ್ಲರ ಹೆಸರಾದ ಮೇಲೆ ಕೊನೆಯಲ್ಲಿ ಹೀಗಿತ್ತು:

‘ಈ ಪ್ರಬಂಧದ ತಪ್ಪನ್ನು ಮೊದಲು ಕಂಡವರು ಗದ್ವಾಲದ ಭಾನುಪ್ರಕಾಶ. ಅವರು ಮೂರು ಸಲ ಬರೆದರೂ ನಾನು ಓದಲಿಲ್ಲ. ಎದುರು ಬಂದು ಕೇಳಿದಾಗ ಎಲ್ಲರ ಮುಂದೆ ಅವರನ್ನು ಹೀಯಾಳಿಸಿದೆ. ಅದಕ್ಕೆ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ. ತಮ್ಮ ಕಾಲೇಜಿನ ಹದಿನೆಂಟು ಕಂಪ್ಯೂಟರ್, ರಜೆಯ ಒಂಬತ್ತು ದಿನ, ತಾಯಿಯ ಕೈರೊಟ್ಟಿ ಕೊಟ್ಟು ನನ್ನ ಐದು ವರ್ಷ ಉಳಿಸಿಕೊಟ್ಟರು. ಅವರು ನನಗೆ...’

ಅಲ್ಲಿಗೆ ನಿಂತಿತ್ತು. ಮುಂದೆ ಖಾಲಿ.

ಅವನು ಎರಡು ಸಲ ಓದಿದ. ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಏನೋ ಟೈಪ್ ಮಾಡಿ ಫೋನ್ ವಾಪಸ್ ಕೊಟ್ಟ.

ಶಿರಿಷಾ ನೋಡಿದಳು. ಖಾಲಿ ಜಾಗ ಹಾಗೇ ಇತ್ತು. ಅದರ ಮೇಲಿನ ಸಾಲಿನಲ್ಲಿ ‘ಹದಿನೆಂಟು’ ಹೋಗಿ ‘ಹದಿನೇಳು’ ಆಗಿತ್ತು.

“ಒಂದು ಮೊದಲನೇ ದಿನಾನ ಕೆಟ್ಟಿತ್ರಿ,” ಅಂದ.

“ಇಲ್ಲೂ ತಪ್ಪು ಹುಡುಕಿದ್ರೇನು?”

“ಈ ಸಲ ನಿಮಗ ಒಬ್ಬಾಕಿಗೇ ಹೇಳೀನಿ.”

ಅವಳಿಗೆ ನಗುವನ್ನೂ ತಡೆಯಲಾಗಲಿಲ್ಲ, ಅಳುವನ್ನೂ ತಡೆಯಲಾಗಲಿಲ್ಲ. ಹುರಿದ ಮೀನು ತಿನ್ನುತ್ತಿದ್ದವರು ತಿರುಗಿ ನೋಡಿದರು.

“ಮತ್ತ ಆ ಖಾಲಿ ಜಾಗ? ನಾಳೆ ಪ್ರಿಂಟಿಗೆ ಹೋಗಬೇಕು. ಏನಂತ ಬರೀಲಿ?”

ಭಾನುಪ್ರಕಾಶ ಅವಳ ಕೈ ಹಿಡಿದ.

“ಅದನ್ನ ಎಲ್ಲಾರ ಮುಂದ ಹೇಳ್ತೀನಿ, ಶಿರಿಷಾ. ನಿಮ್ಮಪ್ಪ ಇನ್ನೂ ಕಂಬಳಿ ಮಡಚಿಲ್ಲ. ನಮ್ಮವ್ವನ್ನ ಕರ್ಕೊಂಡು ಹೋಗೂಣು, ಬಾ.”